ಕಿಕ್ಯಾಡ್ ಫುಟ್‌ಪ್ರಿಂಟ್ ಲೈಬ್ರರಿ: ದೋಷ ಎಲ್ಲಿದೆಯೆಂದು ಪತ್ತೆಹಚ್ಚುವ ಬಗೆ

ಸರ್ಕ್ಯೂಟ್ ಬೋರ್ಡ್ ವಿನ್ಯಾಸದಲ್ಲಿ ಫುಟ್‌ಪ್ರಿಂಟ್‌ಗೆ, ಅಂದರೆ ಬಿಡಿಭಾಗದ ಕಾಲುಗಳು ಬೋರ್ಡಿನ ಮೇಲೆ ಕೂರುವ ತಾಮ್ರದ ಪ್ಯಾಡ್‌ಗಳ ನಕ್ಷೆಗೆ, ಸಂಬಂಧಿಸಿದ ದೋಷಗಳು ಎರಡು ಬಗೆಯವು. ಕೆಲವನ್ನು ತಂತ್ರಾಂಶವೇ ಮುಂದೆ ಬಂದು ಹೇಳುತ್ತದೆ. ಅವು ಕಿರಿಕಿರಿ ಉಂಟುಮಾಡಿದರೂ ಅವುಗಳಿಂದಾಗುವ ನಷ್ಟ ಸ್ವಲ್ಪ ಸಮಯ ಮಾತ್ರ. ಇನ್ನು ಕೆಲವು ಯಾವ ಎಚ್ಚರಿಕೆಯನ್ನೂ ಕೊಡದೆ, ಎಲ್ಲ ತಪಾಸಣೆಗಳನ್ನೂ ದಾಟಿ, ಬೋರ್ಡ್ ತಯಾರಕರಿಗೆ ಕಳಿಸುವ ಗರ್ಬರ್ ಕಡತಗಳೊಳಗೆ ಸೇರಿಕೊಂಡು, ತಯಾರಾಗಿ ಬಂದ ಬೋರ್ಡಿನ ಮೇಲೆ ಬಿಡಿಭಾಗವನ್ನು ಕೂರಿಸಲು ಹೋದಾಗಷ್ಟೇ ಬಯಲಾಗುತ್ತವೆ. ಈ ಕೈಪಿಡಿಯಲ್ಲಿ ಎರಡೂ ಬಗೆಯ ದೋಷಗಳನ್ನು ಪತ್ತೆಹಚ್ಚುವ ಕ್ರಮವಿದೆ. ಉದಾಹರಣೆಗಳು ಬೋರ್ಡ್ ವಿನ್ಯಾಸದ ತಂತ್ರಾಂಶವಾದ ಕಿಕ್ಯಾಡ್‌ನ 6ನೆಯ ಆವೃತ್ತಿ ಮತ್ತು ಅದರ ನಂತರದ ಆವೃತ್ತಿಗಳಿಗೆ ಸಂಬಂಧಿಸಿದವು. ಬೇರೆ ತಂತ್ರಾಂಶ ಬಳಸುವವರಿಗೆ ಮೆನುವಿನ ಹೆಸರುಗಳು ಬದಲಾಗುತ್ತವೆ, ಪಿನ್, ಪ್ಯಾಡ್ ಮತ್ತು ಅಳತೆಗಳ ವಿಚಾರ ಬದಲಾಗುವುದಿಲ್ಲ.

ಮೊದಲು ತಿಳಿಯಬೇಕಾದದ್ದು, ನಾವು ಒಂದೇ ವಸ್ತುವೆಂದು ಭಾವಿಸುವ ಫುಟ್‌ಪ್ರಿಂಟ್ ನಿಜವಾಗಿ ನಾಲ್ಕು ಕಡೆ ಹಂಚಿಕೊಂಡಿರುತ್ತದೆ ಎಂಬುದು. ಸ್ಕೀಮ್ಯಾಟಿಕ್‌ನಲ್ಲಿ (ಸರ್ಕ್ಯೂಟಿನ ನಕ್ಷೆಯಲ್ಲಿ) ಪ್ರತಿಯೊಂದು ಸಿಂಬಲ್‌ನ, ಅಂದರೆ ಬಿಡಿಭಾಗದ ಚಿಹ್ನೆಯ, ಫುಟ್‌ಪ್ರಿಂಟ್ ಫೀಲ್ಡ್‌ನಲ್ಲಿ ಇರುವುದು ಬರೀ ಹೆಸರು. ಆ ಹೆಸರಿನ ಮೊದಲ ಭಾಗ ಯಾವ ಲೈಬ್ರರಿಯನ್ನು ಸೂಚಿಸುತ್ತದೆ, ಆ ಲೈಬ್ರರಿ ಡಿಸ್ಕ್‌ನಲ್ಲಿ ಎಲ್ಲಿದೆ ಎಂಬುದನ್ನು ಹೇಳುವುದು ಲೈಬ್ರರಿ ಪಟ್ಟಿ. ಪ್ಯಾಡ್‌ಗಳ ನಿಜವಾದ ಅಳತೆ ಮತ್ತು ಸ್ಥಾನ ಇರುವುದು ಲೈಬ್ರರಿಯ ಕಡತದಲ್ಲಿ. ಒಮ್ಮೆ ಬೋರ್ಡಿಗೆ ಬಂದ ಮೇಲೆ ಆ ಕಡತದ ಪೂರ್ತಿ ನಕಲು ಬೋರ್ಡಿನ ಕಡತದೊಳಗೇ ಉಳಿಯುತ್ತದೆ, ಮತ್ತು ಗರ್ಬರ್ ಹೊರಡುವುದು ಈ ನಕಲಿನಿಂದಲೇ ಹೊರತು ಲೈಬ್ರರಿಯಿಂದಲ್ಲ. ಈ ನಾಲ್ಕರಲ್ಲಿ ಯಾವುದು ತಪ್ಪಿದೆ ಎಂದು ಖಚಿತವಾಗುವವರೆಗೆ ಏನನ್ನೂ ತಿದ್ದಬಾರದು. ಪಟ್ಟಿಯಲ್ಲಿನ ತಪ್ಪಿಗೆ ಕಡತವನ್ನು ತಿದ್ದಿದರೆ, ಅಥವಾ ಕಡತದಲ್ಲಿನ ತಪ್ಪಿಗೆ ಬೋರ್ಡಿನ ನಕಲನ್ನು ತಿದ್ದಿದರೆ, ಆ ಹೊತ್ತಿಗೆ ಕೆಲಸ ಸಾಗಿದರೂ ಮುಂದಿನ ನವೀಕರಣದಲ್ಲಿ ದೋಷ ಮರಳಿ ಬರುತ್ತದೆ, ಮತ್ತು ಆಗ ಅದರ ಮೂಲ ಹುಡುಕುವುದು ಮೊದಲಿಗಿಂತ ಕಷ್ಟವಾಗಿರುತ್ತದೆ.

ಫುಟ್‌ಪ್ರಿಂಟ್ ಸಿಗಲಿಲ್ಲ ಎಂಬ ಸಂದೇಶ

ಸ್ಕೀಮ್ಯಾಟಿಕ್‌ನಿಂದ ಬೋರ್ಡನ್ನು ನವೀಕರಿಸಲು ಎಫ್8 ಒತ್ತಿದಾಗ ತೆರೆಯುವ ಕಿಟಕಿಯಲ್ಲಿ ಒಂದು ವರದಿ ಮೂಡುತ್ತದೆ. ಅದನ್ನು ಓದದೆ ಮುಂದುವರಿಯುವುದು ಬಹಳ ಜನರ ಅಭ್ಯಾಸ. ಓದಬೇಕು, ಅದರಲ್ಲೂ ದೂರು ಎಷ್ಟು ಭಾಗಗಳಿಗೆ ಬಂದಿದೆ ಎಂಬುದನ್ನು ಗಮನಿಸಬೇಕು, ಏಕೆಂದರೆ ದೋಷ ಎಲ್ಲಿದೆ ಎಂಬುದರ ಅರ್ಧ ಉತ್ತರ ಅದರಲ್ಲೇ ಇರುತ್ತದೆ. ಒಂದೆರಡು ಭಾಗಗಳಿಗೆ ಮಾತ್ರ ಬಂದಿದ್ದರೆ ಆಯಾ ಸಿಂಬಲ್‌ನ ಫೀಲ್ಡ್ ತಪ್ಪಿರುತ್ತದೆ. ಒಂದೇ ಲೈಬ್ರರಿಗೆ ಸೇರಿದ ಭಾಗಗಳೆಲ್ಲವಕ್ಕೂ ಬಂದಿದ್ದರೆ ಪಟ್ಟಿಯಲ್ಲಿ ಆ ಲೈಬ್ರರಿಯ ಸಾಲು ತಪ್ಪಿರುತ್ತದೆ. ರೆಸಿಸ್ಟರ್, ಕೆಪಾಸಿಟರ್ ಸೇರಿದಂತೆ ಎಲ್ಲಕ್ಕೂ ಬಂದಿದ್ದರೆ ಪಟ್ಟಿಯೇ ಖಾಲಿಯಿದೆ ಅಥವಾ ಅದು ನಂಬಿಕೊಂಡಿರುವ ಮಾರ್ಗದ ಹೆಸರು ಕೆಲಸ ಮಾಡುತ್ತಿಲ್ಲ.

ಫೀಲ್ಡ್‌ನ ತಪ್ಪನ್ನು ಮೊದಲು ನೋಡೋಣ. ಫುಟ್‌ಪ್ರಿಂಟ್‌ನ ಪೂರ್ಣ ಹೆಸರು ಎರಡು ಭಾಗಗಳದ್ದು: ಲೈಬ್ರರಿಯ ನಿಕ್‌ನೇಮ್ (ಪಟ್ಟಿಯಲ್ಲಿ ಅದಕ್ಕೆ ಕೊಟ್ಟ ಹೆಸರು), ನಡುವೆ ಕೋಲನ್, ಆಮೇಲೆ ಫುಟ್‌ಪ್ರಿಂಟ್‌ನ ಹೆಸರು. ಕೋಲನ್ ಇಲ್ಲದೆ ಬರೀ ಎರಡನೆಯ ಭಾಗವನ್ನು ಬರೆದಿದ್ದರೆ ತಂತ್ರಾಂಶಕ್ಕೆ ಎಲ್ಲಿ ಹುಡುಕಬೇಕೆಂದು ಗೊತ್ತಾಗುವುದಿಲ್ಲ. ಹೊರಗಿನಿಂದ ಇಳಿಸಿಕೊಂಡ ಸಿಂಬಲ್‌ಗಳಲ್ಲಿ ಇದು ತೀರ ಸಾಮಾನ್ಯ. ಸಿಂಬಲ್ ತಯಾರಿಸಿದವರ ಗಣಕಯಂತ್ರದಲ್ಲಿದ್ದ ನಿಕ್‌ನೇಮ್ ನಮ್ಮಲ್ಲಿ ಇರುವುದಿಲ್ಲ. ಸ್ಕೀಮ್ಯಾಟಿಕ್ ಎಡಿಟರ್‌ನಲ್ಲಿ ಎಲ್ಲ ಸಿಂಬಲ್‌ಗಳ ಫೀಲ್ಡ್‌ಗಳನ್ನು ಒಂದೇ ಕೋಷ್ಟಕದಲ್ಲಿ ತೋರಿಸುವ ಸೌಲಭ್ಯವಿದೆ. ಅದನ್ನು ತೆರೆದು ಫುಟ್‌ಪ್ರಿಂಟ್ ಕಾಲಂ ಅನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿದರೆ ಖಾಲಿ ಬಿಟ್ಟವು, ಕೋಲನ್ ಇಲ್ಲದವು ಮತ್ತು ಒಂಟಿಯಾಗಿ ನಿಂತ ವಿಚಿತ್ರ ಹೆಸರುಗಳು ತಾವಾಗಿ ಕಣ್ಣಿಗೆ ಬೀಳುತ್ತವೆ.

ಪಟ್ಟಿಯ ವಿಷಯ ಸ್ವಲ್ಪ ವಿಸ್ತಾರವಾದದ್ದು. ಕಿಕ್ಯಾಡ್‌ನಲ್ಲಿ ಪಟ್ಟಿಗಳು ಎರಡು: ಬಳಕೆದಾರರ ಎಲ್ಲ ಯೋಜನೆಗಳಿಗೂ ಅನ್ವಯಿಸುವ ಜಾಗತಿಕ ಪಟ್ಟಿ ಮತ್ತು ಆಯಾ ಯೋಜನೆಯ ಫೋಲ್ಡರ್‌ನಲ್ಲೇ ಇರುವ ಯೋಜನಾ ಪಟ್ಟಿ. ಎರಡರ ಕಡತದ ಹೆಸರೂ ‘ಎಫ್‌ಪಿ-ಲಿಬ್-ಟೇಬಲ್’ ಎಂದೇ. ಒಂದೇ ನಿಕ್‌ನೇಮ್ ಎರಡರಲ್ಲೂ ಇದ್ದರೆ ಯೋಜನಾ ಪಟ್ಟಿಯದೇ ಮೇಲುಗೈ. ಆದ್ದರಿಂದ ಫುಟ್‌ಪ್ರಿಂಟ್ ಸಿಗುತ್ತದೆ, ಆದರೆ ನಾವು ನಿರೀಕ್ಷಿಸಿದ್ದು ಅದಲ್ಲ ಎಂಬ ಗೊಂದಲ ಕಂಡುಬಂದಾಗ, ಹಳೆಯ ಯೋಜನೆಯಿಂದ ನಕಲಾಗಿ ಬಂದ ಯೋಜನಾ ಪಟ್ಟಿಯಲ್ಲಿ ಅದೇ ನಿಕ್‌ನೇಮ್ ಕುಳಿತಿದೆಯೇ ಎಂದು ಮೊದಲು ನೋಡಬೇಕು. ಪ್ರಿಫರೆನ್ಸಸ್ ಮೆನುವಿನ ‘ಮ್ಯಾನೇಜ್ ಫುಟ್‌ಪ್ರಿಂಟ್ ಲೈಬ್ರರೀಸ್’ ಕಿಟಕಿಯಲ್ಲಿ ಎರಡೂ ಪಟ್ಟಿಗಳು ಬೇರೆ ಬೇರೆ ಟ್ಯಾಬ್‌ಗಳಲ್ಲಿ ಕಾಣುತ್ತವೆ. ಪ್ರತಿ ಸಾಲಿನ ಆರಂಭದಲ್ಲಿರುವ ಸಕ್ರಿಯ ಗುರುತನ್ನು ಯಾರಾದರೂ ತೆಗೆದಿದ್ದರೆ ಲೈಬ್ರರಿ ಪಟ್ಟಿಯಲ್ಲಿದ್ದೂ ಇಲ್ಲದಂತೆಯೇ. ಹಾಗೆಯೇ ಪ್ಲಗಿನ್ ಬಗೆಯ ಕಾಲಂ ಕೂಡ ನೋಡಿ: ಕಿಕ್ಯಾಡ್ ತನ್ನ ಲೈಬ್ರರಿಗಳ ಜೊತೆಗೆ ಈಗಲ್ ತಂತ್ರಾಂಶದ ಲೈಬ್ರರಿಗಳನ್ನೂ ಓದಬಲ್ಲದು, ಆದರೆ ಬಗೆ ತಪ್ಪಾಗಿ ನಮೂದಾಗಿದ್ದರೆ ಮಾರ್ಗ ಸರಿಯಿದ್ದರೂ ಲೈಬ್ರರಿ ತೆರೆಯುವುದಿಲ್ಲ.

ಮಾರ್ಗದ ಕಾಲಂನಲ್ಲಿ ಬಹುಪಾಲು ತೊಂದರೆ ಹುಟ್ಟುವುದು ಡಾಲರ್ ಚಿಹ್ನೆ ಮತ್ತು ಆವರಣದೊಳಗೆ ಬರೆಯುವ ಮಾರ್ಗ ವೇರಿಯಬಲ್‌ಗಳಿಂದ. ತಂತ್ರಾಂಶದೊಂದಿಗೆ ಬರುವ ಲೈಬ್ರರಿಗಳ ಮಾರ್ಗವನ್ನು 5ನೆಯ ಆವೃತ್ತಿಯವರೆಗೆ ‘ಕೆಐಸಿಸ್‌ಮಾಡ್’ ಎಂಬ ಹೆಸರು ಸೂಚಿಸುತ್ತಿತ್ತು. 6ರಿಂದ ಈಚೆಗೆ ಆವೃತ್ತಿಯ ಸಂಖ್ಯೆಯೇ ಹೆಸರಿನೊಳಗೆ ಸೇರಿ ‘ಕಿಕ್ಯಾಡ್6_ಫುಟ್‌ಪ್ರಿಂಟ್_ಡಿಐಆರ್’, ‘ಕಿಕ್ಯಾಡ್8_ಫುಟ್‌ಪ್ರಿಂಟ್_ಡಿಐಆರ್’ ಎಂಬ ರೂಪದಲ್ಲಿ ಬರುತ್ತದೆ. ಹಳೆಯ ಯೋಜನೆಯನ್ನು ಹೊಸ ಆವೃತ್ತಿಯಲ್ಲಿ ತೆರೆದಾಗ ಲೈಬ್ರರಿ ಸಿಗದಿದ್ದರೆ ಇಲ್ಲಿ ಹುಡುಕಬೇಕು. ಆದರೆ ಇದಕ್ಕಿಂತ ಹೆಚ್ಚು ಕಾಡುವುದು ಬಳಕೆದಾರರೇ ಸೃಷ್ಟಿಸಿಕೊಂಡ ವೇರಿಯಬಲ್‌ಗಳು. ‘ಕಾನ್ಫಿಗರ್ ಪಾತ್ಸ್’ ಕಿಟಕಿಯಲ್ಲಿ ಸೇರಿಸಿದ ಇಂಥ ಹೆಸರುಗಳು ಉಳಿಯುವುದು ಆ ಗಣಕಯಂತ್ರದ, ಆ ಬಳಕೆದಾರರ ಸಂರಚನಾ ಫೋಲ್ಡರ್‌ನಲ್ಲಿ. ಯೋಜನೆಯ ಜೊತೆ ಅವು ಪ್ರಯಾಣ ಮಾಡುವುದಿಲ್ಲ. ನನ್ನ ಯಂತ್ರದಲ್ಲಿ ಸರಿಯಾಗಿದೆ, ಸಹೋದ್ಯೋಗಿಯ ಯಂತ್ರದಲ್ಲಿ ತೆರೆಯುತ್ತಿಲ್ಲ ಎಂಬ ದೂರುಗಳಲ್ಲಿ ಹೆಚ್ಚಿನವು ಇಲ್ಲಿಗೇ ಬಂದು ನಿಲ್ಲುತ್ತವೆ. ಉಳಿದವು ಮಾರ್ಗವನ್ನು ಪೂರ್ತಿಯಾಗಿ, ಡ್ರೈವ್‌ನ ಅಕ್ಷರದಿಂದ ಹಿಡಿದು ಬಳಕೆದಾರರ ಹೆಸರಿನವರೆಗೆ, ಬರೆದಿಟ್ಟ ಪ್ರಕರಣಗಳು.

ಇವೆರಡಕ್ಕೂ ಪರಿಹಾರ ಒಂದೇ. ಯೋಜನೆಗೆ ಬೇಕಾದ ಸ್ವಂತ ಲೈಬ್ರರಿಯನ್ನು ಯೋಜನೆಯ ಫೋಲ್ಡರ್‌ನೊಳಗೇ ಇಟ್ಟು, ಯೋಜನಾ ಪಟ್ಟಿಯಲ್ಲಿ ಅದರ ಮಾರ್ಗವನ್ನು ‘ಕೆಐಪಿಆರ್‌ಜೆಮಾಡ್’ ವೇರಿಯಬಲ್‌ನಿಂದ ಆರಂಭಿಸಬೇಕು. ತೆರೆದಿರುವ ಯೋಜನೆಯ ಫೋಲ್ಡರ್ ಎಲ್ಲಿದೆಯೋ ಅದನ್ನು ಈ ವೇರಿಯಬಲ್ ತಾನಾಗಿ ಸೂಚಿಸುವುದರಿಂದ ಯೋಜನೆಯನ್ನು ಯಾವ ಯಂತ್ರಕ್ಕೆ, ಯಾವ ಜಾಗಕ್ಕೆ ಸಾಗಿಸಿದರೂ ಕೊಂಡಿ ಕಳಚುವುದಿಲ್ಲ.

ಇನ್ನೆರಡು ಸಣ್ಣ ಕಾರಣಗಳಿವೆ. ಹೊಸ ಮುಖ್ಯ ಆವೃತ್ತಿಯನ್ನು ಅಳವಡಿಸಿ ಮೊದಲ ಸಲ ತೆರೆಯುವಾಗ ಜಾಗತಿಕ ಪಟ್ಟಿಯನ್ನು ಹೇಗೆ ರೂಪಿಸಬೇಕು ಎಂದು ಕೇಳುವ ಪ್ರಶ್ನೆಗೆ ಖಾಲಿ ಪಟ್ಟಿ ಎಂದು ಉತ್ತರಿಸಿದ್ದರೆ, ಲೈಬ್ರರಿಗಳೆಲ್ಲ ಡಿಸ್ಕ್‌ನಲ್ಲಿ ಸುರಕ್ಷಿತವಾಗಿದ್ದರೂ ಎಡಿಟರ್‌ನಲ್ಲಿ ಒಂದೂ ಕಾಣುವುದಿಲ್ಲ. ಎರಡನೆಯದು ದೊಡ್ಡಕ್ಷರ ಮತ್ತು ಸಣ್ಣಕ್ಷರದ ಭೇದ. ವಿಂಡೋಸ್‌ನಲ್ಲಿ ಕಡತದ ಹೆಸರಿನ ಈ ಭೇದ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ, ಲಿನಕ್ಸ್‌ನಲ್ಲಿ ಇದೆ. ವಿಂಡೋಸ್‌ನಲ್ಲಿ ತೆರೆಯುತ್ತಿದ್ದ ಯೋಜನೆ ಲಿನಕ್ಸ್‌ನಲ್ಲಿ ತೆರೆಯದಿದ್ದರೆ ಫೋಲ್ಡರ್‌ನ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಬೇಕು.

ಲೈಬ್ರರಿ ಇದೆ, ಆದರೆ ತೆರೆಯುತ್ತಿಲ್ಲ ಅಥವಾ ಉಳಿಸಲಾಗುತ್ತಿಲ್ಲ

ಕಿಕ್ಯಾಡ್‌ನ ಫುಟ್‌ಪ್ರಿಂಟ್ ಲೈಬ್ರರಿ ಎಂದರೆ ‘.ಪ್ರೆಟಿ’ ಎಂದು ಕೊನೆಗೊಳ್ಳುವ ಹೆಸರಿನ ಒಂದು ಫೋಲ್ಡರ್ ಅಷ್ಟೇ. ಅದರೊಳಗೆ ಒಂದೊಂದು ಫುಟ್‌ಪ್ರಿಂಟ್‌ಗೆ ಒಂದೊಂದು ‘.ಕಿಕ್ಯಾಡ್_ಮಾಡ್’ ಕಡತವಿರುತ್ತದೆ, ಮತ್ತು ಅದು ಯಾವ ಟೆಕ್ಸ್ಟ್ ಎಡಿಟರ್‌ನಲ್ಲಾದರೂ ಓದಬಹುದಾದ ಪಠ್ಯ. ದೋಷ ಹುಡುಕುವವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ. ಕಡತದ ಮೊದಲ ಸಾಲುಗಳಲ್ಲಿ ವರ್ಷ, ತಿಂಗಳು, ದಿನಗಳನ್ನು ಕೂಡಿಸಿ ಬರೆದ ಎಂಟು ಅಂಕಿಗಳ ಆವೃತ್ತಿ ಸಂಖ್ಯೆ ಇರುತ್ತದೆ. 8ನೆಯ ಆವೃತ್ತಿಯಲ್ಲಿ ಉಳಿಸಿದ ಕಡತದಲ್ಲಿ ಅದು 20240108. ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತವನ್ನು ಹಳೆಯ ಆವೃತ್ತಿ ಓದಲಾರದು. ತಂಡದಲ್ಲಿ ಒಬ್ಬರು ಮಾತ್ರ ತಂತ್ರಾಂಶವನ್ನು ಮೇಲ್ದರ್ಜೆಗೇರಿಸಿ, ಹಂಚಿಕೆಯ ಲೈಬ್ರರಿಯಲ್ಲಿ ಒಂದು ಫುಟ್‌ಪ್ರಿಂಟ್ ಉಳಿಸಿದರೆ, ಉಳಿದವರೆಲ್ಲರ ಪರದೆಯಲ್ಲಿ ಆ ಲೈಬ್ರರಿಯ ಬಗ್ಗೆ ದೋಷದ ಸಂದೇಶ ಮೂಡಲು ಅಷ್ಟೇ ಸಾಕು. ಕಡತಗಳ ಆವೃತ್ತಿಗಳನ್ನು ನಿರ್ವಹಿಸುವ ಗಿಟ್ ಬಳಸುವ ತಂಡಗಳಲ್ಲಿ, ವಿಲೀನದ ಸಂಘರ್ಷವನ್ನು ಬಗೆಹರಿಸದೆ ಬಿಟ್ಟಾಗ ಕಡತದ ನಡುವೆ ಉಳಿಯುವ ಗುರುತಿನ ಸಾಲುಗಳೂ ಇದೇ ರೀತಿ ಕಡತವನ್ನು ಓದಲಾಗದಂತೆ ಮಾಡುತ್ತವೆ.

ಉಳಿಸಲಾಗುತ್ತಿಲ್ಲ ಎಂಬ ದೂರಿಗೆ ಕಾರಣ ಬಹುತೇಕ ಒಂದೇ: ತಂತ್ರಾಂಶದೊಂದಿಗೆ ಬಂದ ಲೈಬ್ರರಿಯನ್ನು ತಿದ್ದುವ ಪ್ರಯತ್ನ. ಅದು ವ್ಯವಸ್ಥೆಯ ಫೋಲ್ಡರ್‌ನಲ್ಲಿರುವುದರಿಂದ ಬರೆಯಲು ಅನುಮತಿ ಇರುವುದಿಲ್ಲ. ನಿರ್ವಾಹಕರ ಅಧಿಕಾರ ಬಳಸಿ ಬಲವಂತವಾಗಿ ಉಳಿಸಬಹುದಾದರೂ ಹಾಗೆ ಮಾಡಬಾರದು. ಮುಂದಿನ ಅಳವಡಿಕೆಯಲ್ಲಿ ಅದು ಸದ್ದಿಲ್ಲದೆ ಅಳಿಸಿಹೋಗುತ್ತದೆ. ಬೇಕಾದ ಫುಟ್‌ಪ್ರಿಂಟ್ ಅನ್ನು ಸ್ವಂತ ಲೈಬ್ರರಿಗೆ ನಕಲು ಮಾಡಿಕೊಂಡು ಅಲ್ಲಿ ತಿದ್ದುವುದೇ ಸರಿಯಾದ ದಾರಿ.

ಯಾವುದೂ ತಪ್ಪಿಲ್ಲದಂತೆ ಕಂಡರೂ ಹೊಸದಾಗಿ ಸೇರಿಸಿದ ಫುಟ್‌ಪ್ರಿಂಟ್ ಆಯ್ಕೆಯ ಪಟ್ಟಿಯಲ್ಲಿ ಬರದಿದ್ದರೆ, ತಂತ್ರಾಂಶವನ್ನು ಮುಚ್ಚಿ, ಯೋಜನೆಯ ಫೋಲ್ಡರ್‌ನಲ್ಲಿರುವ ‘ಎಫ್‌ಪಿ-ಇನ್ಫೋ-ಕ್ಯಾಶ್’ ಕಡತವನ್ನು ಅಳಿಸಿ ಮತ್ತೆ ತೆರೆಯಬಹುದು. ಅದು ಮರಳಿ ತಯಾರಾಗುವ ತಾತ್ಕಾಲಿಕ ಕಡತ, ಅಳಿಸುವುದರಿಂದ ನಷ್ಟವಿಲ್ಲ.

ಲೈಬ್ರರಿ ತಿದ್ದಿದರೂ ಬೋರ್ಡ್ ಬದಲಾಗುತ್ತಿಲ್ಲ

ಇದು ದೋಷವೇ ಅಲ್ಲ, ತಂತ್ರಾಂಶ ಹಾಗೆ ಕೆಲಸ ಮಾಡುವಂತೆಯೇ ರಚಿತವಾಗಿದೆ. ಬೋರ್ಡಿನೊಳಗಿನ ನಕಲು ಲೈಬ್ರರಿಯ ಜೊತೆ ತಾನಾಗಿ ಬದಲಾಗುವಂತಿದ್ದರೆ, ಕಳೆದ ವರ್ಷ ತಯಾರಾಗಿ ಕೆಲಸ ಮಾಡುತ್ತಿರುವ ಬೋರ್ಡಿನ ಕಡತ ಇಂದು ಬೇರೆ ಯಾರೋ ಮಾಡಿದ ತಿದ್ದುಪಡಿಯಿಂದ ಬದಲಾಗಿಬಿಡುತ್ತಿತ್ತು. ಹೊಸ ರೂಪ ಬೇಕಿದ್ದರೆ ಬೋರ್ಡ್ ಎಡಿಟರ್‌ನ ಟೂಲ್ಸ್ ಮೆನುವಿನಲ್ಲಿರುವ ‘ಅಪ್‌ಡೇಟ್ ಫುಟ್‌ಪ್ರಿಂಟ್ಸ್ ಫ್ರಮ್ ಲೈಬ್ರರಿ’ ಆಜ್ಞೆಯನ್ನು ನಾವೇ ಕೊಡಬೇಕು. ಎಫ್8 ನವೀಕರಣದ ಕಿಟಕಿಯಲ್ಲಿ ಫುಟ್‌ಪ್ರಿಂಟ್‌ಗಳನ್ನು ಬದಲಿಸುವ ಆಯ್ಕೆಯೊಂದು ಇದೆಯಲ್ಲ, ಅದು ಸಾಲದೇ ಎಂಬ ಪ್ರಶ್ನೆ ಬರುತ್ತದೆ. ಅದು ಹೋಲಿಸುವುದು ಹೆಸರನ್ನು. ಹೆಸರು ಅದೇ ಆಗಿದ್ದು ಒಳಗಿನ ಪ್ಯಾಡ್‌ಗಳಷ್ಟೇ ಬದಲಾಗಿದ್ದರೆ ಅದರಿಂದ ಪ್ರಯೋಜನವಿಲ್ಲ.

ಈ ಆಜ್ಞೆಯ ಕಿಟಕಿಯಲ್ಲಿ ಕೆಲವು ಆಯ್ಕೆಗಳಿವೆ, ಮತ್ತು ಅವುಗಳನ್ನು ಗಮನಿಸದೆ ಇಡೀ ಬೋರ್ಡಿಗೆ ಅನ್ವಯಿಸಿದರೆ ಗಂಟೆಗಟ್ಟಲೆ ಕೂತು ಸರಿಪಡಿಸಿದ ಸಿಲ್ಕ್‌ಸ್ಕ್ರೀನ್ (ಬೋರ್ಡಿನ ಮೇಲೆ ಮುದ್ರಿಸುವ) ಅಕ್ಷರಗಳ ಗಾತ್ರ, ಪದರ, ಗೋಚರತೆ ಎಲ್ಲವೂ ಲೈಬ್ರರಿಯ ಸ್ಥಿತಿಗೆ ಮರಳಿಬಿಡುತ್ತವೆ. ಮೊದಲು ಒಂದೇ ಭಾಗವನ್ನು ಆರಿಸಿ ಪ್ರಯತ್ನಿಸಿ, ಫಲಿತಾಂಶ ನೋಡಿ, ಆಮೇಲೆ ಉಳಿದವಕ್ಕೆ ವಿಸ್ತರಿಸುವುದು ಜಾಣತನ. ನವೀಕರಣದಿಂದ ಪ್ಯಾಡ್‌ಗಳು ಸರಿದಾಡಿದರೂ ಹಳೆಯ ಟ್ರ್ಯಾಕ್‌ಗಳು ಇದ್ದಲ್ಲೇ ಇರುತ್ತವೆ. ಆದ್ದರಿಂದ ಕೂಡಲೇ ತಾಮ್ರದ ಜೋನ್‌ಗಳನ್ನು (ತಾಮ್ರ ಹರಡಿದ ಪ್ರದೇಶಗಳನ್ನು) ಮತ್ತೆ ತುಂಬಿ ಡಿಆರ್‌ಸಿ, ಅಂದರೆ ಬೋರ್ಡಿನ ವಿನ್ಯಾಸ ನಿಯಮಗಳ ತಪಾಸಣೆ, ನಡೆಸಬೇಕು. 7ನೆಯ ಆವೃತ್ತಿಯಿಂದ ಡಿಆರ್‌ಸಿಯೇ ಬೋರ್ಡಿನ ನಕಲು ಮತ್ತು ಲೈಬ್ರರಿಯ ಮೂಲ ಹೊಂದಿಕೆಯಾಗುತ್ತಿಲ್ಲ ಎಂದು ಎಚ್ಚರಿಸುತ್ತದೆ. ಈ ಎಚ್ಚರಿಕೆಯನ್ನು ಗೊಣಗುತ್ತ ಕಡೆಗಣಿಸುವವರೇ ಹೆಚ್ಚು, ಆದರೆ ನನ್ನ ಮಟ್ಟಿಗೆ ಲೈಬ್ರರಿ ನಿರ್ವಹಣೆಗೆ ಸಂಬಂಧಿಸಿದಂತೆ ಇತ್ತೀಚೆಗೆ ಸೇರಿದ ಸೌಲಭ್ಯಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಇದೇ.

ಇದರ ತಿರುವುಮುರುವಾದ ಪ್ರಕರಣವೂ ಉಂಟು: ತಿದ್ದಿದ್ದು ಲೈಬ್ರರಿಯನ್ನು ಎಂದುಕೊಂಡಿರುತ್ತೇವೆ, ತಿದ್ದಿರುವುದು ಬೋರ್ಡಿನ ನಕಲನ್ನು. ಬೋರ್ಡಿನಲ್ಲಿ ಒಂದು ಭಾಗವನ್ನು ಆರಿಸಿ ಕಂಟ್ರೋಲ್ ಜೊತೆ ಇ ಒತ್ತಿದರೆ ಫುಟ್‌ಪ್ರಿಂಟ್ ಎಡಿಟರ್ ತೆರೆಯುತ್ತದೆ, ಆದರೆ ಅಲ್ಲಿ ಉಳಿಸಿದ್ದು ಆ ಒಂದು ನಕಲಿಗೆ ಮಾತ್ರ ಸೇರುತ್ತದೆ. ಪರದೆಯ ಮೇಲ್ಭಾಗದಲ್ಲಿ ಹಾಗೆಂದು ಸೂಚನೆ ಇರುತ್ತದೆಯಾದರೂ ಅದನ್ನು ಓದುವವರು ಕಡಿಮೆ. ಅದೇ ಬಗೆಯ ನಾಲ್ಕು ಕನೆಕ್ಟರ್‌ಗಳಿರುವ ಬೋರ್ಡಿನಲ್ಲಿ ಒಂದು ಮಾತ್ರ ಸರಿಯಾಗಿದ್ದು ಮೂರು ತಪ್ಪಾಗಿದ್ದರೆ ಇದೇ ಆಗಿದೆ ಎಂದು ತಿಳಿಯಬಹುದು.

ಎಫ್8 ಒತ್ತಿದಾಗ ಇದ್ದ ಭಾಗಗಳನ್ನು ಅಳಿಸಿ ಅವನ್ನೇ ಹೊಸದಾಗಿ ಸೇರಿಸುತ್ತೇನೆ ಎಂದು ವರದಿ ಹೇಳಿದರೆ ಲೈಬ್ರರಿಯನ್ನು ದೂರಬೇಡಿ. ಸ್ಕೀಮ್ಯಾಟಿಕ್ ಮತ್ತು ಬೋರ್ಡನ್ನು ಬೆಸೆಯುವುದು ಪ್ರತಿ ಸಿಂಬಲ್‌ಗೂ ಇರುವ ಆಂತರಿಕ ಗುರುತು ಸಂಖ್ಯೆ. ಸಿಂಬಲ್ ಅಳಿಸಿ ಮತ್ತೆ ಇಟ್ಟಾಗ ಅದು ಬದಲಾಗುತ್ತದೆ. ಅದೇ ಕಿಟಕಿಯಲ್ಲಿ, ಆರ್1, ಯು3 ಮುಂತಾದ ಸೂಚಕಗಳ ಆಧಾರದ ಮೇಲೆ ಕೊಂಡಿಯನ್ನು ಮರುಜೋಡಿಸುವ ಆಯ್ಕೆ ಇದೆ. ಅದನ್ನು ಒಮ್ಮೆ ಬಳಸಿ ಆಮೇಲೆ ತೆಗೆದುಬಿಡಬೇಕು.

ಪಿನ್ ಸಂಖ್ಯೆ ಮತ್ತು ಪ್ಯಾಡ್ ಸಂಖ್ಯೆ

ಸದ್ದಿಲ್ಲದ ದೋಷಗಳು ಆರಂಭವಾಗುವುದು ಇಲ್ಲಿಂದ. ಸಿಂಬಲ್‌ನ ಪಿನ್‌ಗೂ ಫುಟ್‌ಪ್ರಿಂಟ್‌ನ ಪ್ಯಾಡ್‌ಗೂ ಇರುವ ಏಕೈಕ ಸಂಬಂಧವೆಂದರೆ ಎರಡರ ಮೇಲೂ ಬರೆದಿರುವ ಸಂಖ್ಯೆ ಒಂದೇ ಆಗಿರುವುದು. ಪಿನ್‌ನ ಹೆಸರು ಏನೇ ಇರಲಿ, ಚಿತ್ರದಲ್ಲಿ ಅದು ಯಾವ ಬದಿಗೇ ಇರಲಿ, ತಂತ್ರಾಂಶ ನೋಡುವುದು ಸಂಖ್ಯೆಯನ್ನು ಮಾತ್ರ. ಹೀಗಾಗಿ ತಪ್ಪು ಎರಡು ರೀತಿಯಲ್ಲಿ ಆಗಬಹುದು: ಪಿನ್‌ಗೆ ಸರಿಸಾಟಿಯಾದ ಪ್ಯಾಡ್ ಇಲ್ಲದಿರುವುದು, ಅಥವಾ ಇದ್ದರೂ ಅದು ಬೇರೆಯದೇ ಆಗಿರುವುದು. ಮೊದಲನೆಯದನ್ನು ನವೀಕರಣದ ವರದಿ ಹೇಳುತ್ತದೆ. ಎರಡನೆಯದನ್ನು ಹೇಳುವ ತಂತ್ರಾಂಶ ಇಲ್ಲ, ಏಕೆಂದರೆ ಅದಕ್ಕೆ ಭಾಗದ ತಯಾರಕರು ಕೊಡುವ ವಿವರಪತ್ರ, ಅಂದರೆ ಡೇಟಾಶೀಟ್, ಗೊತ್ತಿಲ್ಲ.

ಟ್ರಾನ್ಸಿಸ್ಟರ್‌ಗಳನ್ನೇ ತೆಗೆದುಕೊಳ್ಳಿ. 2ಎನ್3904 ಮತ್ತು ಬಿಸಿ547 ಎರಡೂ ಟಿಒ-92 ಪ್ಯಾಕೇಜಿನ (ಹೊರಕವಚದ) ಎನ್‌ಪಿಎನ್ ಟ್ರಾನ್ಸಿಸ್ಟರ್‌ಗಳು, ನೋಡಲು ಒಂದೇ ತರಹ. ಆದರೆ 1, 2, 3 ಎಂಬ ಕ್ರಮದಲ್ಲಿ ಮೊದಲನೆಯದರ ಕಾಲುಗಳು ಎಮಿಟರ್, ಬೇಸ್, ಕಲೆಕ್ಟರ್. ಎರಡನೆಯದರವು ಕಲೆಕ್ಟರ್, ಬೇಸ್, ಎಮಿಟರ್. ಫುಟ್‌ಪ್ರಿಂಟ್ ಎರಡಕ್ಕೂ ಒಂದೇ, ತಪ್ಪಾಗುವುದು ಸಿಂಬಲ್‌ನಲ್ಲಿ. ಸ್ಕೀಮ್ಯಾಟಿಕ್‌ನಲ್ಲಿ ಬರೆದ ಮೌಲ್ಯವನ್ನು ಮಾತ್ರ ಬದಲಿಸಿ ಸಿಂಬಲ್ ಹಾಗೆಯೇ ಬಿಟ್ಟರೆ ಇಆರ್‌ಸಿ (ಸ್ಕೀಮ್ಯಾಟಿಕ್‌ನ ವಿದ್ಯುತ್ ನಿಯಮಗಳ ತಪಾಸಣೆ), ಡಿಆರ್‌ಸಿ ಎರಡೂ ತೃಪ್ತಿಯಾಗುತ್ತವೆ, ಬೋರ್ಡ್ ಮಾತ್ರ ಸರಿಯಾಗಿ ಕೆಲಸ ಮಾಡುವುದಿಲ್ಲ. ರೆಗ್ಯುಲೇಟರ್‌ಗಳಲ್ಲೂ ಹೀಗೆಯೇ: ಟಿಒ-220 ಪ್ಯಾಕೇಜಿನ 7805ರಲ್ಲಿ 1, 2, 3 ಕ್ರಮವಾಗಿ ಇನ್‌ಪುಟ್, ಗ್ರೌಂಡ್, ಔಟ್‌ಪುಟ್, ಅದೇ ಪ್ಯಾಕೇಜಿನ ಎಲ್‌ಎಂ317ರಲ್ಲಿ ಅಡ್ಜಸ್ಟ್, ಔಟ್‌ಪುಟ್, ಇನ್‌ಪುಟ್. ಹಾಗಾಗಿ ಯಾವುದೇ ಮೂರು ಕಾಲಿನ ಭಾಗದಲ್ಲಿ ಸಂಖ್ಯೆಯನ್ನು ನೆನಪಿನಿಂದ ಬರೆಯಬಾರದು, ಖರೀದಿಸುವ ನಿರ್ದಿಷ್ಟ ಭಾಗದ ಡೇಟಾಶೀಟ್ ತೆರೆದಿಟ್ಟುಕೊಂಡೇ ಬರೆಯಬೇಕು.

ಎಸ್‌ಒಟಿ-223 ಪ್ಯಾಕೇಜಿನ ಎಎಂಎಸ್1117 ರೆಗ್ಯುಲೇಟರ್ ಇನ್ನೂ ಸೂಕ್ಷ್ಮವಾದ ಉದಾಹರಣೆ. ಈ ಭಾಗಕ್ಕೆ ಒಂದು ಬದಿಯಲ್ಲಿ ಮೂರು ಕಾಲುಗಳೂ ಎದುರು ಬದಿಯಲ್ಲಿ ಅಗಲವಾದ ಟ್ಯಾಬ್ ಒಂದೂ ಇವೆ. ಟ್ಯಾಬ್ ಒಳಗಡೆ 2ನೆಯ ಕಾಲಿಗೆ, ಅಂದರೆ ಔಟ್‌ಪುಟ್‌ಗೆ, ಸೇರಿರುತ್ತದೆ. ಕಿಕ್ಯಾಡ್‌ನ ಲೈಬ್ರರಿಯಲ್ಲಿ ಈ ಪ್ಯಾಕೇಜಿಗೆ ಹೋಲುವ ಹೆಸರಿನ ಎರಡು ಫುಟ್‌ಪ್ರಿಂಟ್‌ಗಳಿವೆ. ‘ಎಸ್‌ಒಟಿ-223-3_ಟ್ಯಾಬ್‌ಪಿನ್2’ ಎಂಬುದರಲ್ಲಿ ಟ್ಯಾಬ್‌ನ ಪ್ಯಾಡ್‌ಗೂ 2 ಎಂಬ ಸಂಖ್ಯೆಯೇ ಇದೆ. ಬರೀ ‘ಎಸ್‌ಒಟಿ-223’ ಎಂಬುದರಲ್ಲಿ ಟ್ಯಾಬ್ 4ನೆಯ ಪ್ಯಾಡ್. ಮೂರು ಪಿನ್‌ಗಳ ಸಿಂಬಲ್‌ಗೆ ಎರಡನೆಯ ಫುಟ್‌ಪ್ರಿಂಟ್ ಕೊಟ್ಟರೆ 4ನೆಯ ಪ್ಯಾಡ್ ಯಾವ ನೆಟ್‌ಗೂ (ವಿದ್ಯುತ್ ಸಂಪರ್ಕಕ್ಕೂ) ಸೇರುವುದಿಲ್ಲ, ಸುತ್ತಲಿನ ತಾಮ್ರದ ಜೋನ್ ಅದರಿಂದ ಅಂತರ ಕಾಯ್ದುಕೊಂಡು ನಿಲ್ಲುತ್ತದೆ. ಬೋರ್ಡಿಗೆ ವಿದ್ಯುತ್ ಕೊಟ್ಟರೆ ಔಟ್‌ಪುಟ್ ಸರಿಯಾಗಿಯೇ ಬರುತ್ತದೆ. ಆದರೆ ಶಾಖ ಹೊರಹೋಗಬೇಕಾದ ದಾರಿ ಆ ಟ್ಯಾಬ್. ಅದರ ಕೆಳಗಿನ ಪ್ಯಾಡ್ ದ್ವೀಪದಂತೆ ಒಂಟಿಯಾಗಿರುವುದರಿಂದ ಹೊರೆ ಹೆಚ್ಚಿದಂತೆ ಭಾಗ ವಿಪರೀತ ಬಿಸಿಯಾಗುತ್ತದೆ. ಇಂಥ ಬೋರ್ಡ್ ಕೈಗೆ ಬಂದವರು ರೆಗ್ಯುಲೇಟರ್ ನಕಲಿಯೆಂದೋ ಹೊರೆ ಜಾಸ್ತಿಯೆಂದೋ ತೀರ್ಮಾನಿಸುತ್ತಾರೆ, ಫುಟ್‌ಪ್ರಿಂಟ್‌ನ ಕಡೆ ಯಾರ ಗಮನವೂ ಹೋಗುವುದಿಲ್ಲ.

ಕೆಳಭಾಗದಲ್ಲಿ ದೊಡ್ಡ ಪ್ಯಾಡ್ ಇರುವ ಕ್ಯೂಎಫ್‌ಎನ್ ಪ್ಯಾಕೇಜುಗಳಲ್ಲಿ ಇದೇ ತಪ್ಪು ಇನ್ನೂ ದುಬಾರಿ. ಕಿಕ್ಯಾಡ್‌ನ ರೂಢಿಯಂತೆ ನಡುವಿನ ಪ್ಯಾಡ್‌ಗೆ ಕೊನೆಯ ಕಾಲಿನ ಮುಂದಿನ ಸಂಖ್ಯೆ ಬರುತ್ತದೆ. ಆರ್‌ಪಿ2040 ಮೈಕ್ರೋಕಂಟ್ರೋಲರ್‌ಗೆ ಸುತ್ತಲೂ 56 ಕಾಲುಗಳಿವೆ, ಆದರೆ ಅವುಗಳಲ್ಲಿ ಒಂದೂ ಗ್ರೌಂಡ್ ಅಲ್ಲ. ಗ್ರೌಂಡ್ ಇರುವುದು 57ನೆಯದಾದ ನಡುವಿನ ಪ್ಯಾಡ್‌ನಲ್ಲಿ ಮಾತ್ರ. ಸಿಂಬಲ್ ತಯಾರಿಸಿದವರು 57ನ್ನು ಮರೆತಿದ್ದರೆ ಚಿಪ್‌ಗೆ ಗ್ರೌಂಡೇ ಇಲ್ಲ. ಪತ್ತೆಹಚ್ಚುವ ವಿಧಾನ ಸರಳ: ಬೋರ್ಡ್ ಎಡಿಟರ್‌ನಲ್ಲಿ ಪ್ಯಾಡ್‌ಗಳ ಮೇಲೆ ನೆಟ್‌ನ ಹೆಸರು ಕಾಣುವಂತೆ ಮಾಡಿ, ಹೆಸರಿಲ್ಲದ ಪ್ರತಿಯೊಂದು ಪ್ಯಾಡ್‌ಗೂ ಕಾರಣ ಕೇಳಿಕೊಳ್ಳಬೇಕು. ಕನೆಕ್ಟರ್‌ನ ಲೋಹದ ಕವಚಕ್ಕೆ, ಯಾಂತ್ರಿಕ ಆಧಾರಕ್ಕೆ ಇರುವ ಪ್ಯಾಡ್‌ಗಳು ಹಾಗಿರಬಹುದು. ಉಳಿದವಕ್ಕೆ ಉತ್ತರ ಸಿಗಲೇಬೇಕು.

ಎಸ್‌ಒ-8 ಪ್ಯಾಕೇಜಿನ ಸಾಮಾನ್ಯ ಪವರ್ ಮಾಸ್‌ಫೆಟ್‌ಗಳಲ್ಲಿ 1ರಿಂದ 3 ಸೋರ್ಸ್, 4 ಗೇಟ್, 5ರಿಂದ 8 ಡ್ರೈನ್. ಇದಕ್ಕೆ ಮೂರೇ ಪಿನ್‌ಗಳ ಸಾಮಾನ್ಯ ಸಿಂಬಲ್ ಕೊಟ್ಟರೆ ಐದು ಪ್ಯಾಡ್‌ಗಳು ಅನಾಥವಾಗುವುದು ಮಾತ್ರವಲ್ಲ, 1ರಿಂದ 3ರವರೆಗಿನ ಪ್ಯಾಡ್‌ಗಳಲ್ಲಿ ಎರಡಕ್ಕೆ ಬೇರೆಯದೇ ನೆಟ್ ಹೋಗುತ್ತದೆ. ಡಯೋಡ್‌ಗಳಲ್ಲಿ ಕಿಕ್ಯಾಡ್‌ನ ರೂಢಿ 1 ಕ್ಯಾಥೋಡ್, 2 ಆನೋಡ್. ಹೊರಗಿನಿಂದ ತಂದ ಫುಟ್‌ಪ್ರಿಂಟ್‌ಗಳಲ್ಲಿ ಸಂಖ್ಯೆಯ ಬದಲು ಅಕ್ಷರಗಳಿರಬಹುದು ಅಥವಾ ಕ್ರಮ ಉಲ್ಟಾ ಇರಬಹುದು.

ಅಳತೆಯ ದೋಷಗಳು

ಸಂಖ್ಯೆಗಳೆಲ್ಲ ಸರಿಯಿದ್ದರೂ ಭಾಗ ಕೂರದಿದ್ದರೆ ಲೈಬ್ರರಿಯ ಕಡತವನ್ನೇ ಡೇಟಾಶೀಟ್‌ನ ಜೊತೆ ಹೋಲಿಸಬೇಕು. ಕಡತವನ್ನು ಪಠ್ಯವಾಗಿ ತೆರೆದರೆ ಪ್ರತಿ ಪ್ಯಾಡ್‌ನ ವಿವರದಲ್ಲಿ ಅದರ ಸಂಖ್ಯೆ, ಬಗೆ, ಆಕಾರ, ಸ್ಥಾನ ಮತ್ತು ಗಾತ್ರ ಮಿಲಿಮೀಟರ್‌ಗಳಲ್ಲಿ ಬರೆದಿರುತ್ತದೆ. ಮೊದಲ ಮತ್ತು ಕೊನೆಯ ಪ್ಯಾಡ್‌ನ ಸ್ಥಾನಗಳ ವ್ಯತ್ಯಾಸವನ್ನು ಕೈಯಲ್ಲೇ ಲೆಕ್ಕಹಾಕಿದರೆ ಸಾಕು, ಅನೇಕ ತಪ್ಪುಗಳು ಸಿಕ್ಕಿಬೀಳುತ್ತವೆ.

ಪಿಚ್‌ನ, ಅಂದರೆ ಪಕ್ಕಪಕ್ಕದ ಪಿನ್‌ಗಳ ನಡುವಿನ ಅಂತರದ, ತಪ್ಪು ಇವುಗಳಲ್ಲಿ ತುಂಬ ಮೋಸದ್ದು. ಜೆಎಸ್‌ಟಿ ಸಂಸ್ಥೆಯ ಎಕ್ಸ್‌ಎಚ್ ಸರಣಿಯ ಕನೆಕ್ಟರ್‌ಗಳ ಪಿಚ್ 2.50 ಮಿ.ಮೀ.; ಸಾಮಾನ್ಯ ಪಿನ್ ಹೆಡರ್‌ನದು 2.54 ಮಿ.ಮೀ. ವ್ಯತ್ಯಾಸ ಒಂದು ಪಿನ್‌ಗೆ 0.04 ಮಿ.ಮೀ. ಮಾತ್ರ. ನಾಲ್ಕು ಪಿನ್‌ನ ಕನೆಕ್ಟರ್‌ನಲ್ಲಿ ತುದಿಯಿಂದ ತುದಿಗೆ 0.12 ಮಿ.ಮೀ. ಆಗುವುದರಿಂದ ಹೆಡರ್‌ನ ಫುಟ್‌ಪ್ರಿಂಟ್ ಬಳಸಿದರೂ ಅದು ತೂತುಗಳಲ್ಲಿ ಇಳಿದುಬಿಡುತ್ತದೆ, ಹಾಗಾಗಿ ತಪ್ಪು ಗೊತ್ತಾಗುವುದಿಲ್ಲ. ಅದೇ ನಂಬಿಕೆಯಿಂದ 12 ಪಿನ್‌ನ ಫುಟ್‌ಪ್ರಿಂಟ್ ಮಾಡಿದಾಗ ವ್ಯತ್ಯಾಸ 0.44 ಮಿ.ಮೀ.ಗೆ ಏರಿ ಕನೆಕ್ಟರ್ ಒಳಗೆ ಹೋಗಲು ಒಪ್ಪುವುದಿಲ್ಲ. ಹಿಂದಿನ ಬೋರ್ಡಿನಲ್ಲಿ ಸರಿಯಾಗಿ ಕೂತಿತ್ತು ಎಂಬುದು ಫುಟ್‌ಪ್ರಿಂಟ್ ಸರಿಯಿದೆ ಎಂಬುದಕ್ಕೆ ಪುರಾವೆಯಲ್ಲ.

ಚಿಕ್ಕ ರೆಸಿಸ್ಟರ್ ಮತ್ತು ಕೆಪಾಸಿಟರ್‌ಗಳ ಗಾತ್ರದ ಸಂಕೇತದಲ್ಲೂ ಇಂಥದೇ ಬಲೆಯಿದೆ. ಇಂಚಿನ ಲೆಕ್ಕದ 0603 ಎಂದರೆ 1.6 ಮಿ.ಮೀ. ಉದ್ದ, 0.8 ಮಿ.ಮೀ. ಅಗಲದ ಭಾಗ, ಮೆಟ್ರಿಕ್ ಲೆಕ್ಕದ 0603 ಎಂದರೆ ಇಂಚಿನ ಲೆಕ್ಕದಲ್ಲಿ 0201, ಅಂದರೆ 0.6 ಮಿ.ಮೀ. ಉದ್ದದ ಧೂಳಿನ ಕಣ. ಕಿಕ್ಯಾಡ್‌ನ ಮೂಲ ಲೈಬ್ರರಿ ಎರಡೂ ಸಂಕೇತಗಳನ್ನು ಕೂಡಿಸಿ ‘ಆರ್_0603_1608ಮೆಟ್ರಿಕ್’ ಎಂದು ಹೆಸರಿಡುವುದು ಇದೇ ಕಾರಣಕ್ಕೆ. ಎಂಟು ಕಾಲಿನ ಫ್ಲ್ಯಾಶ್ ಮೆಮೊರಿ ಚಿಪ್‌ಗಳು 150 ಮಿಲ್ ಮತ್ತು 208 ಮಿಲ್ (ಮಿಲ್ ಎಂದರೆ ಇಂಚಿನ ಸಾವಿರದ ಒಂದು ಭಾಗ) ಎಂಬ ಎರಡು ಅಗಲಗಳಲ್ಲಿ ಸಿಗುತ್ತವೆ, ಅಂದರೆ ಸುಮಾರು 3.8 ಮತ್ತು 5.3 ಮಿ.ಮೀ.; ಪಿಚ್ ಎರಡಕ್ಕೂ 1.27 ಮಿ.ಮೀ. ಇರುವುದರಿಂದ ಪಿಚ್ ಒಂದನ್ನೇ ಅಳೆದು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ತೂತಿನ ವಿಷಯದಲ್ಲಿ ನೆನಪಿಡಬೇಕಾದದ್ದು ಕರ್ಣದ ಅಳತೆ. ಹೆಡರ್‌ನ ಚೌಕಾಕಾರದ ಪಿನ್‌ನ ಬದಿ 0.64 ಮಿ.ಮೀ., ಆದರೆ ದುಂಡಗಿನ ತೂತಿನಲ್ಲಿ ತೂರಬೇಕಾದದ್ದು ಅದರ ಕರ್ಣ, ಸುಮಾರು 0.9 ಮಿ.ಮೀ. ಆದ್ದರಿಂದ ತೂತು 1.0 ಮಿ.ಮೀ. ಇರಬೇಕು.

ಇನ್ನು ಕನ್ನಡಿ ಬಿಂಬದಂತೆ ತಲೆಕೆಳಗಾದ ಫುಟ್‌ಪ್ರಿಂಟ್. ಐಸಿಯನ್ನು ಮೇಲಿನಿಂದ ನೋಡಿದಾಗ ಕಾಲುಗಳ ಸಂಖ್ಯೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸಾಗಬೇಕು. ಬೋರ್ಡಿನ ಮೇಲ್ಮುಖದಲ್ಲಿ ಅದು ಮುಳ್ಳಿನ ದಿಕ್ಕಿನಲ್ಲೇ ಸಾಗುತ್ತಿದ್ದರೆ ಫುಟ್‌ಪ್ರಿಂಟ್ ತಿರುವುಮುರುವಾಗಿದೆ, ಅದನ್ನು ಎಷ್ಟು ಸುತ್ತಿಸಿದರೂ ಸರಿಯಾಗದು. ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು. ಡೇಟಾಶೀಟ್‌ನ ಚಿತ್ರ ಭಾಗವನ್ನು ಕೆಳಗಿನಿಂದ ನೋಡಿದಾಗಿನದು ಎಂಬ ಸಣ್ಣಕ್ಷರದ ಸೂಚನೆ ತಪ್ಪಿಹೋಗಿರುತ್ತದೆ; ಅಥವಾ ಡೇಟಾಶೀಟ್‌ನ ನಿರ್ದೇಶಾಂಕಗಳನ್ನು ಹಾಗೆಯೇ ನಮೂದಿಸಿರುತ್ತಾರೆ. ಗಣಿತದ ರೂಢಿಯಲ್ಲಿ ವೈ ಅಕ್ಷ ಮೇಲಕ್ಕೆ ಹೆಚ್ಚುತ್ತದೆ, ಕಿಕ್ಯಾಡ್‌ನ ಕಡತದಲ್ಲಿ ಕೆಳಕ್ಕೆ ಹೆಚ್ಚುತ್ತದೆ. ಸ್ಕ್ರಿಪ್ಟ್ ಬರೆದು ಫುಟ್‌ಪ್ರಿಂಟ್ ತಯಾರಿಸುವವರು ಇದನ್ನು ವಿಶೇಷವಾಗಿ ನೋಡಿಕೊಳ್ಳಬೇಕು. ಬೋರ್ಡ್ ಆಗಲೇ ತಯಾರಾಗಿ ಬಂದಿದ್ದರೆ, ತೂತಿನ ಮೂಲಕ ಕೂರುವ ಭಾಗವನ್ನು ಹಿಂಬದಿಯಿಂದ ಹಾಕಿ ಬೆಸೆದು ಕೆಲಸ ನಡೆಸಬಹುದು. ಮೇಲ್ಮೈ ಭಾಗಗಳಿಗೆ ಆ ದಾರಿಯೂ ಇಲ್ಲ.

ಮೂರು ಆಯಾಮದ ಮಾದರಿ ಕಾಣದಿರುವುದು ದೋಷವೆಂದು ಗಾಬರಿಯಾಗಬೇಕಿಲ್ಲ. ಅದು ಮಾರ್ಗದ ಸಮಸ್ಯೆ ಮಾತ್ರ, ಗರ್ಬರ್‌ಗೆ ಅದರಿಂದ ಏನೂ ಆಗದು. ಹಾಗೆಯೇ ಮಾದರಿ ಪ್ಯಾಡ್‌ಗಳ ಮೇಲೆ ಸುಂದರವಾಗಿ ಕೂತಿದೆ ಎಂಬುದನ್ನು ಅಳತೆಯ ಪ್ರಮಾಣವೆಂದೂ ತಿಳಿಯಬಾರದು. ಮಾದರಿಯನ್ನು ಹಿಗ್ಗಿಸಲು, ಸರಿಸಲು ಸಾಧ್ಯವಿದೆ, ಮತ್ತು ಪ್ಯಾಡ್‌ಗೆ ಹೊಂದುವಂತೆ ಯಾರೋ ಹಾಗೆ ಮಾಡಿರಲೂಬಹುದು. ಭಾಗ ಕೈಯಲ್ಲಿದ್ದರೆ ಬೋರ್ಡನ್ನು ನೂರಕ್ಕೆ ನೂರು ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ, ಮುದ್ರಣ ಕುಗ್ಗಿಲ್ಲವೆಂದು ತಿಳಿದ ಉದ್ದವೊಂದನ್ನು ಅಳೆದು ಖಚಿತಪಡಿಸಿಕೊಂಡು, ಭಾಗವನ್ನು ಅದರ ಮೇಲಿಟ್ಟು ನೋಡುವುದು ಇಂದಿಗೂ ಅತ್ಯಂತ ನಂಬಿಕೆಯ ಪರೀಕ್ಷೆ.

ಮೂಲ ಲೈಬ್ರರಿಯೇ ಕಳೆದುಹೋದಾಗ

ಹಳೆಯ ಯೋಜನೆ ಸಿಕ್ಕಿದೆ, ಅದರ ಸ್ವಂತ ಲೈಬ್ರರಿ ಇದ್ದ ಯಂತ್ರ ಈಗಿಲ್ಲ ಎಂಬ ಸ್ಥಿತಿಯಲ್ಲಿ ಬೋರ್ಡಿನ ನಕಲುಗಳೇ ಆಧಾರ. ಬೋರ್ಡ್ ಎಡಿಟರ್‌ನಲ್ಲಿ ಅದರೊಳಗಿನ ಫುಟ್‌ಪ್ರಿಂಟ್‌ಗಳನ್ನೆಲ್ಲ ಒಂದು ಹೊಸ ಲೈಬ್ರರಿಯಾಗಿ ಹೊರತೆಗೆಯುವ ಆಜ್ಞೆ ಇದೆ. ಹೊರತೆಗೆದ ಫೋಲ್ಡರ್ ಅನ್ನು ಯೋಜನೆಯೊಳಗೆ ಇಟ್ಟು, ಕಳೆದುಹೋದ ಲೈಬ್ರರಿಗೆ ಇದ್ದ ನಿಕ್‌ನೇಮ್‌ನಲ್ಲೇ ಯೋಜನಾ ಪಟ್ಟಿಗೆ ಸೇರಿಸಿದರೆ ಸ್ಕೀಮ್ಯಾಟಿಕ್‌ನ ಫೀಲ್ಡ್‌ಗಳಲ್ಲಿ ಒಂದಕ್ಷರವನ್ನೂ ಬದಲಿಸದೆ ಕೊಂಡಿ ಮರಳಿ ಬರುತ್ತದೆ. ಹಾಗೆ ಪಡೆದ ಫುಟ್‌ಪ್ರಿಂಟ್‌ಗಳಲ್ಲಿ ಆ ಬೋರ್ಡಿಗಾಗಿ ಮಾತ್ರ ಮಾಡಿದ ಬದಲಾವಣೆಗಳು, ಉದಾಹರಣೆಗೆ ಜಾಗ ಸಾಲದೆಂದು ಕಿರಿದು ಮಾಡಿದ ಒಂದು ಪ್ಯಾಡ್ ಅಥವಾ ಅಡಗಿಸಿದ ಒಂದು ಅಕ್ಷರ, ಉಳಿದಿರಬಹುದು. ಆದ್ದರಿಂದ ಅವನ್ನು ಬೇರೆ ಯೋಜನೆಗಳೂ ಬಳಸುವ ಹಂಚಿಕೆಯ ಲೈಬ್ರರಿಗೆ ಸೇರಿಸುವ ಮೊದಲು ಒಂದೊಂದನ್ನೂ ಡೇಟಾಶೀಟ್‌ನ ಎದುರಿಟ್ಟು ಪರಿಶೀಲಿಸಬೇಕು. ಪರಿಶೀಲನೆ ಮುಗಿಯುವವರೆಗೆ ಅವು ಆ ಒಂದು ಯೋಜನೆಯ ಫೋಲ್ಡರ್‌ನಲ್ಲೇ ಇರಲಿ.